ಕಾಕಾನ ಕೈ ಕ್ಲಚ್ಚು

ತಪ್ಪು ನನ್ನದೇ, ಮೊದಲೇ ಹೇಳಿಬಿಡುತ್ತೇನೆ. ಮೆಕ್ಯಾನಿಕ್ ಮಹಬೂಬ್ ಉಸ್ತಾದರ ದನಿ ತೆಗೆದು ನಮ್ಮ ಕಾಕಾನಿಗೆ ಫೋನ್ ಮಾಡಿದವನು ನಾನು. ಓಣಿಯವರ ಕೆಮ್ಮು, ಸಾಲಿ ಮಾಸ್ತರರ ಗೊಣಗಾಟ ಎಲ್ಲವನ್ನೂ ಕದ್ದಿದ್ದ ನನಗೆ ಸ್ವಂತದ್ದೊಂದು ದನಿ ಇದೆಯೋ ಇಲ್ಲವೋ ಎಂದು ಅವ್ವನಿಗೆ ಅನುಮಾನವಿತ್ತು. ಈಗ ನನಗೂ ಇದೆ.

ಗೇರ್ ಆಯಿಲ್ ವಾಸನೆ ಎಲ್ಲೇ ಮೂಗಿಗೆ ಬಡಿದರೂ ಬಸವಕಲ್ಯಾಣದ ಆ ಮನೆಯ ಅಂಗಳ ಎದ್ದು ನಿಲ್ಲುತ್ತದೆ. ಬಿಸಿಲಿಗೆ ಕಾದ ಪರಸಿಕಲ್ಲು, ಒಣಹಾಕಿದ ತೊಗರಿ, ಅದರ ನಡುವೆ ಮನೆಯ ಹಿರಿಯನಂತೆ ಕಾಕಾನ ಹಳೆಯ ಜೀಪು. ಪೋಲಿಯೋದಿಂದ ಸೊರಗಿದ್ದ ಅವನ ಎಡಗಾಲಿಗೆ ಕ್ಲಚ್ ತುಳಿಯಲಾಗುತ್ತಿರಲಿಲ್ಲ. ಉಸ್ತಾದರು ಮೂರು ದಿನ ಅವನನ್ನು ಸೀಟಿನ ಮೇಲೆ ಕೂರಿಸಿ, ದರ್ಜಿ ಅಂಗಿಗೆ ಅಳತೆ ತೆಗೆದಂತೆ ಸುತಳಿಯಿಂದ ಭುಜ, ಮೊಳಕೈ, ಬೆರಳು ಅಳೆದು, ಟ್ರ್ಯಾಕ್ಟರಿನ ಹಳೆಯ ಕಬ್ಬಿಣದಿಂದ ಗೇರಿನ ಕೋಲಿಗೇ ಒಂದು ಹಿಡಿಕೆ ಕೂರಿಸಿದ್ದರು. ಸೈಕಲ್ ಬ್ರೇಕಿನಂತೆ ಅದನ್ನು ಹಿಡಿದು ಒತ್ತಿದರೆ ಕ್ಲಚ್ಚು. ಕಾಗದದ ಮೇಲೆ ಒಂದು ಗೆರೆ ಎಳೆಯಲಿಲ್ಲ. ಸುತಳಿಯ ಗಂಟುಗಳೇ ಅವರ ನಕಾಶೆ. ನೆಲದ ಮೇಲೆ ಗೋಡೆ ಹಿಡಿದು ನಡೆಯುವ ಕಾಕಾ, ಮಳೆಗಾಲದ ಎರೆಮಣ್ಣಿನಲ್ಲಿ ಎತ್ತಿನ ಗಾಡಿಗಳೂ ಹೂತು ನಿಂತಾಗ, ಹಿಂದೆ ಆರು ಮಕ್ಕಳಾದ ನಮ್ಮನ್ನು ತುಂಬಿಕೊಂಡು ನಿರ್ಣಾದ ನಮ್ಮ ಹೊಲದವರೆಗೆ ಹಾಡುತ್ತಾ ಹೋಗುತ್ತಿದ್ದ. ಆಗ ಅವನ ಮುಖ ನೋಡಬೇಕಿತ್ತು ನೀವು.

ನನಗೆ ಮೀಸೆ ಬಂತು, ಅದರ ಹಿಂದೆಯೇ ಜೀಪಿನ ಬಗ್ಗೆ ನಾಚಿಕೆಯೂ ಬಂತು. ಹುಮನಾಬಾದಿನ ಹೈವೇ ಬದಿಗೆ ಹೊಸ ಗ್ಯಾರೇಜೊಂದು ಶುರುವಾಗಿತ್ತು. ಅಲ್ಲಿಂದ ಹೊರಬೀಳುವ ಜೀಪುಗಳ ಅಗಲ ಟೈರು, ಸಾಲು ದೀಪ ನೋಡಿ ಬಾಯಲ್ಲಿ ನೀರು. ನಮ್ಮದನ್ನೂ ಹಾಗೇ ಮಾಡಿಕೊಡಿ ಎಂದು ಉಸ್ತಾದರನ್ನು ಕೇಳಿದರೆ ಅವರು ತಲೆಯನ್ನೇ ಎತ್ತಲಿಲ್ಲ. ಅವರ ಮಾತಿಲ್ಲದೆ ಕಾಕಾ ಒಂದು ಬೋಲ್ಟನ್ನೂ ಬೇರೆಯವರ ಕೈಗೆ ಕೊಡುವವನಲ್ಲ. ಹಾಗಾಗಿ ಗೆಳೆಯನ ಫೋನಿನಿಂದ, ಉಸ್ತಾದರ ಗೊಗ್ಗರು ಗಂಟಲಲ್ಲಿ ಹೇಳಿದೆ: "ನನ್ನ ಕೈ ನಡಗಾಕತ್ಯಾವ್ರಿ. ಇನ್ನ ಗಾಡಿ ಹುಮನಾಬಾದಿಗೆ ಒಯ್ರಿ." ಕಾಕಾ ಆಯ್ತು ಅಂದ. ನಾನು ಗೆದ್ದೆ ಅಂದುಕೊಂಡೆ.

ಕೈ ಕ್ಲಚ್ ಮುಟ್ಟಬಾರದು ಎಂದು ಗ್ಯಾರೇಜಿನವನಿಗೆ ಮೂರು ಸಲ ಹೇಳಿದ್ದೆ. ಮೂರೂ ಸಲ ಅವನು ಎದೆಯ ಮೇಲೆ ಕೈ ಇಟ್ಟು ಹೂಂಗುಟ್ಟಿದ್ದ. ತಿಂಗಳ ಮೇಲೆ ಜೀಪು ಮಿರಿಮಿರಿ ಮಿಂಚುತ್ತಾ ಅಂಗಳಕ್ಕೆ ಬಂತು. ಕಾಕಾ ಹತ್ತಿ ಕೂತ. ಅವನ ಎಡಗೈ ರೂಢಿಯಂತೆ ಗೇರಿನ ಕೋಲಿಗೆ ಹೋಗಿ ಬರೀ ಗಾಳಿ ಹಿಡಿಯಿತು. ಹಿಡಿಕೆ ಗುಜರಿಗೆ ಹೋಗಿತ್ತು, ಕೆಳಗೆ ಹೊಚ್ಚ ಹೊಸ ಪೆಡಲು. "ಹಳೇದೆಲ್ಲಾ ತೆಗದು ಕಂಪನಿ ಮಾಲ್ ಹಾಕೇವ್ರಿ," ಎಂದ ಆ ಮಹಾನುಭಾವ, ಶಾಬಾಸ್‌ಗಿರಿಗೆ ಕಾಯುತ್ತಾ. ಕಾಕಾ ಇಳಿಯಲೂ ಇಲ್ಲ, ಬಯ್ಯಲೂ ಇಲ್ಲ. ಸ್ಟೇರಿಂಗ್ ಮೇಲೆ ಕೈ ಇಟ್ಟು ಕೂತೇ ಇದ್ದ. ಅಷ್ಟು ವರ್ಷಗಳಲ್ಲಿ ಅವನು ಕುಂಟ ಎಂದು ನನಗೆ ಅನಿಸಿದ್ದು ಅದೇ ಮೊದಲು.

ಅಂಥದೇ ಹಿಡಿಕೆ ಮಾಡಿಕೊಡುವವರನ್ನು ಹುಡುಕಿಕೊಂಡು ಚಿಟಗುಪ್ಪದವರೆಗೂ ಅಲೆದೆ. ಯಾರನ್ನು ಕೇಳಿದರೂ ಫೋನಿನಲ್ಲಿ ಅಂಥ ಸಾಮಾನು ಸಿಗುತ್ತದೇನೋ ಎಂದು ಹುಡುಕಿದರೇ ಹೊರತು ಕಾಕಾನ ಕೈ ಎಷ್ಟುದ್ದ ಎಂದು ಯಾರೂ ಕೇಳಲಿಲ್ಲ. ಕಡೆಗೆ ಕಾಕಾನ ಮುಂದೆ ಎಲ್ಲವನ್ನೂ ಒಪ್ಪಿಕೊಂಡು ಅವನನ್ನೇ ಕರೆದುಕೊಂಡು ಉಸ್ತಾದರ ಬಳಿ ಹೋದೆ. ಅಂಥ ಹಿಡಿಕೆ ಮತ್ತೆ ಕೂರಲೇ ಇಲ್ಲ, ಆ ಜೀಪು ಆಮೇಲೆ ಯಾರದೋ ಪಾಲಾಯಿತು. ಮನೆಯೂ ಪಾಲಾಗಿ, ಅಂಗಳದಲ್ಲೀಗ ಎರಡು ಗೋಡೆಗಳಿವೆ. ಕಾಕಾ ಕಡೆಯವರೆಗೂ ಬಸ್ಸಿನ ಕಿಟಕಿಯಿಂದಲೇ ಹೊಲ ನೋಡಿದ.

ಅವತ್ತು ಉಸ್ತಾದರು ನಾನು ಹೇಳಿದ್ದನ್ನೆಲ್ಲ ಸ್ಪ್ಯಾನರ್ ಒರೆಸುತ್ತಲೇ ಕೇಳಿದರು. ನನ್ನ ಮೇಲೆ ಸಿಟ್ಟಾಗಲಿಲ್ಲ, ನಗಲೂ ಇಲ್ಲ. ಕಾಕಾ ತಲೆ ತಗ್ಗಿಸಿ, "ಹುಡುಗನ ದನಿ ಅಂತ ನನಗ ತಿಳೀಲಿಲ್ಲ ಉಸ್ತಾದ್, ನಿಮ್ಮದೇ ಅನಕೊಂಡೆ," ಅಂದ.

ಉಸ್ತಾದರು ಸ್ಪ್ಯಾನರ್ ಕೆಳಗಿಟ್ಟು ಅವನನ್ನೇ ನೋಡಿದರು.

"ನಂದೇ ಅನಕೊಂಡ್ರಿ, ಆತು. ಮತ್ತ ಉಸ್ತಾದನ ಕೈಗೆ ಏನಾಗೇದ ಅಂತ ನೋಡಾಕ ಯಾಕ ಬರಲಿಲ್ಲರಿ?"