ಮಾವನವರ ಎದುರು ಸೈಕಲ್ ಇಳಿದದ್ದು

ಕೊಪ್ಪಳದ ಒಂದು ಸೈಕಲ್ ಅಂಗಡಿಯ ಪರವಾಗಿ ನಾನು ನಾಲ್ಕು ವರ್ಷ ಪಂದ್ಯಗಳಲ್ಲಿ ಸೈಕಲ್ ಹೊಡೆದೆ. ಅದೇ ನನ್ನ ನೌಕರಿ. ಗಾಡಿ ಮಾಲೀಕನದು, ಕಾಲು ನನ್ನವು. ಗಂಗಾವತಿ, ತಾವರಗೇರಾ, ಎಲ್ಲಿ ಪಂದ್ಯವಿದ್ದರೂ ಹೋಗುತ್ತಿದ್ದೆ. ನಾನು ಗೆದ್ದರೆ ಆ ಊರಿನ ಗಿರಾಕಿಗಳು ನಮ್ಮ ಅಂಗಡಿಗೆ ಬರುತ್ತಿದ್ದರು.

ಎರಡನೇ ಮಹಾಯುದ್ಧ ಶುರುವಾದ ಮೇಲೆ ಟಯರು ಸಿಗುವುದು ಕಷ್ಟವಾಯಿತು. ಅಂಗಡಿಯಲ್ಲಿ ಪಂದ್ಯದ ಸೈಕಲ್ ಒಂದೇ ಉಳಿಯಿತು. ಅಷ್ಟರಲ್ಲಿ ನಾನು ಎರಡು ಸಲ ಸೋತಿದ್ದೆ. ಕುಷ್ಟಗಿಯಿಂದ ಯಲಬುರ್ಗಾ ಮೇಲೆ ಹಾದು ಕೊಪ್ಪಳಕ್ಕೆ ಬರುವ ಪಂದ್ಯದ ಹಿಂದಿನ ದಿನ ಮಾಲೀಕ ಹೇಳಿದ:

"ನೋಡಪಾ, ಮೊದಲ ಬಂದ್ರ ಗಾಡಿ ನಿನ್ನ ಕೈಯಾಗ ಇರ್ತೈತಿ. ಇಲ್ಲಾಂದ್ರ ಬ್ಯಾರೆದವಂಗ ಕೊಡ್ತೀನಿ. ನೀ ಅಂಗಡ್ಯಾಗ ಗಾಳಿ ಹೊಡಕೋತ ಕುಂಡ್ರು."

ಬೆಳಿಗ್ಗೆ ಕುಷ್ಟಗಿಯಲ್ಲಿ ಪೊಲೀಸ್ ಅಮೀನಸಾಹೇಬರು ಕರವಸ್ತ್ರ ಬೀಸಿದರು. ಏಳು ಮಂದಿ ಹೊರಟೆವು. ಯಲಬುರ್ಗಾ ದಾಟುವಾಗ ನಾನೇ ಮುಂದಿದ್ದೆ. ಇಬ್ಬರು ನೂರು ಮಾರು ಹಿಂದಿದ್ದರು.

ಮುಂದಿನ ಹಳ್ಳಿಯಲ್ಲಿ ಬೇವಿನ ಮರದ ಕೆಳಗೆ ಜನ ಕೂಡಿದ್ದರು. ನಡುವೆ ನನ್ನ ಹೆಂಡತಿಯ ತಂದೆ, ತಲೆಗೆ ಹೊಸ ಪಟಗ ಸುತ್ತಿಕೊಂಡು ಕೂತಿದ್ದರು. ಅಳಿಯ ಗೆಲ್ಲುವುದನ್ನು ನೋಡಲೆಂದೇ ಬಂದವರು. ನಮ್ಮ ಕಡೆ ಹಿರಿಯರ ಎದುರು, ಅದರಲ್ಲೂ ಬೀಗರ ಎದುರು, ಯಾರೂ ಸೈಕಲ್ ಮೇಲೆ ಕೂತು ಹೋಗುತ್ತಿರಲಿಲ್ಲ. ನಾನು ಯೋಚಿಸಲಿಲ್ಲ. ಬ್ರೇಕು ಹಿಡಿದೆ, ಇಳಿದೆ, ಕೈ ಮುಗಿದೆ.

ಮಾವ ಎದ್ದು ನಿಂತರು. "ಅಯ್ಯಯ್ಯ, ಇಳದ್ರ್ಯಾಕ್ರಿ ಅಳಿಯಂದ್ರ? ಹತ್ರಿ, ಹತ್ರಿ!"

ಪಕ್ಕದಲ್ಲಿದ್ದ ಮುದುಕ ಬಿಡಲಿಲ್ಲ: "ಇರ್ಲಿ ಬಿಡ್ರಿ, ಚಾ ಕುಡದ ಹೋಗ್ಲಿ. ಪಂದ್ಯ ನಾಳೆ ಮಾಡಿದ್ರಾತು."

ಜನ ನಕ್ಕರು. ಆ ಹೊತ್ತಿಗೆ ಹಿಂದಿದ್ದ ಇಬ್ಬರೂ ನನ್ನನ್ನು ದಾಟಿ ಹೋಗಿದ್ದರು.

ಒಬ್ಬನನ್ನು ದಾರಿಯಲ್ಲಿ ಹಿಂದೆ ಹಾಕಿದೆ. ಇನ್ನೊಬ್ಬ ಕೊಪ್ಪಳದ ಗೆರೆಯನ್ನು ನನಗಿಂತ ಹತ್ತು ಮಾರು ಮೊದಲು ಮುಟ್ಟಿದ.

"ಯಾಕ ಹಿಂದ ಬಿದ್ದಿ?" ಎಂದ ಮಾಲೀಕ.

"ದಾರ್ಯಾಗ ಮಾವಾರು ಕುಂತಿದ್ರು" ಎಂದೆ.

ಅವನಿಗೂ ಮೂವರು ಅಳಿಯಂದಿರಿದ್ದರು. ಬೈಯಲಿಲ್ಲ. ಸೈಕಲ್ ಮಾತ್ರ ತಿರುಗಿ ತೆಗೆದುಕೊಂಡು ಗೋಡೆಯ ಗೂಟಕ್ಕೆ ತೂಗುಹಾಕಿದ.

ಮುಂದಿನ ವಾರ ಅಳವಂಡಿಯಿಂದ ಒಬ್ಬ ಆ ನೌಕರಿ ಕೇಳಿಕೊಂಡು ಬಂದ. ಗಟ್ಟಿ ಆಳು. ಆದರೆ ಮಾಲೀಕ ಅವನ ಕಾಲು ನೋಡಲಿಲ್ಲ.

"ಯಲಬುರ್ಗಾ ದಾರ್ಯಾಗ ನಿಮ್ಮ ಬೀಗರು ಯಾರರ ಅದಾರೇನು?"

"ಇಲ್ರಿ. ನಂದಿನ್ನೂ ಲಗ್ನಾನ ಆಗಿಲ್ರಿ."

ಮಾಲೀಕ ಗೂಟದಿಂದ ಸೈಕಲ್ ಇಳಿಸಿ ನನ್ನ ಕಡೆ ನೋಡಿದ. ನಾನು ಎರಡೂ ಗಾಲಿಗೆ ಗಾಳಿ ಹೊಡೆದು ಕೊಟ್ಟೆ.