ಷರೀಫ್ ಸಾಬರ ಬಾವುಟ

ಅಹಮದ್ ಷರೀಫ್ ಸಾಬರಿಗೆ ಬಾವುಟದ ಬಟ್ಟೆ ಮಾರುತ್ತಿದ್ದವನು ನಾನೇ. ಬಿಳಿ ಲಾಂಗ್‌ಕ್ಲಾತ್, ಒಂದು ಗಜ. ಗಾಳಿಗೆ ಅಂಚು ಸಿಗಿಯದ ಹಾಗೆ ಮಡಿಚಿ ಹೊಲಿಸಿ ಕೊಡಬೇಕು. ಇಲ್ಲದಿದ್ದರೆ ಮುಂದಿನ ಸಲ ನಾನು ಗಂಟು ಹೊತ್ತುಕೊಂಡು ಹೋದಾಗ ಆ ಚಿಂದಿಯನ್ನು ನನ್ನ ಮುಂದೆ ಹರಡಿ, "ನೋಡಿ ಶೆಟ್ರೇ, ನಿಮ್ಮ ಬಟ್ಟೆ ನಿಮ್ಮ ಮಾತಿನಷ್ಟೂ ಬಾಳಿಕೆ ಬರಲಿಲ್ಲ" ಅನ್ನುತ್ತಿದ್ದರು.

ಸಿರಾದಿಂದ ಗೌಡಗೆರೆ ಕಡೆ ಹೋಗುವಾಗ ಸಿಗುವ ಕೊಕ್ಕರೆಕೆರೆಯನ್ನು ಈಗಿನವರು ನೋಡಿದರೆ ಅದರ ನಡುವೆ ಒಂದು ಗಡ್ಡೆ ಇತ್ತು ಅಂದರೆ ನಂಬುವುದಿಲ್ಲ. ಆಗ ಇತ್ತು. ಸುತ್ತ ನೀರು, ಬಿಳಿ ಮರಳಿನ ದಡ, ಹತ್ತಾರು ತೆಂಗಿನ ಮರ, ಒಂದು ಗುಡಿಸಲು. ಕಡಲು ಕಾಣದ ನಮ್ಮ ಸೀಮೆಯ ಜನ ಅಲ್ಲಿ ಮಂಡಿಯುದ್ದ ನೀರಲ್ಲಿ ನಿಂತು, ಮುಖಕ್ಕೆ ಗಾಳಿ ಬಡಿಸಿಕೊಂಡು, ಕಡಲು ಅಂದರೆ ಇದೇ ಇರಬೇಕು ಅಂತ ತೀರ್ಮಾನ ಮಾಡಿಕೊಂಡು ಹೋಗುತ್ತಿದ್ದರು. ನಾನೂ ಹಾಗೇ ಅಂದುಕೊಂಡಿದ್ದೆ. ಆಮೇಲೆ ಮಂಗಳೂರಿಗೆ ಹೋಗಿ ಕಡಲು ನೋಡಿದೆ. ಅಲ್ಲಿ ಟೀ ಚೆನ್ನಾಗಿರಲಿಲ್ಲ.

ಬಸ್ಸಿನ ರಸ್ತೆ ಕೆರೆಯ ಈ ದಡದಲ್ಲಿ. ಆ ದಡದಲ್ಲಿ ಗೊಲ್ಲರ ಹಟ್ಟಿಗಳು, ಎರಡು ಮೂರು ಊರು. ಸುತ್ತಿ ನಡೆದರೆ ಅರ್ಧ ದಿನ ಹೋಗುತ್ತದೆ. ಷರೀಫ್ ಸಾಬರ ಹರಿಗೋಲಲ್ಲಿ ಕೂತರೆ ಒಂದು ಬೀಡಿ ಮುಗಿಯುವಷ್ಟರಲ್ಲಿ ಗಡ್ಡೆ. ಅಲ್ಲಿ ಅವರ ಹೆಂಡತಿ ಜಮೀಲಾ ಬಿ ಮಾಡಿದ ಬೆಲ್ಲದ ಟೀ, ಜೋಳದ ರೊಟ್ಟಿ. ಇನ್ನೊಂದು ಬೀಡಿಗೆ ಆಚೆ ದಡ. ತಂದೆಯ ಕಾಲದಿಂದ ಬಂದ ಕೆಲಸ. ಸಾಬರು ಗಡ್ಡೆಯ ಮೇಲೇ ಹುಟ್ಟಿದವರು. ಮಾತು ಕಡಿಮೆ, ಕೈ ಉದ್ದ. ಮದುವೆಯಾದ ಹೊಸದರಲ್ಲಿ ಜಮೀಲಾ ಬಿ ತನ್ನ ಅಣ್ಣ ಖಲೀಲುಲ್ಲಾನಿಗೆ, "ಇಲ್ಲಿ ಜಗಳ ಆಡಿದರೆ ಎದ್ದು ಹೋಗೋಕೂ ಗಂಡನನ್ನೇ ಹರಿಗೋಲು ಹಾಕು ಅನ್ನಬೇಕು" ಅಂದಿದ್ದಳಂತೆ. ಖಲೀಲುಲ್ಲಾ ಸಿರಾದಲ್ಲಿ ಛತ್ರಿ ರಿಪೇರಿ ಅಂಗಡಿ ಇಟ್ಟಿದ್ದ. ಮಳೆ ನಮ್ಮ ಕಡೆ ಬರುವ ಅಂದ ನೋಡಿದರೆ ಅವನ ಧೈರ್ಯ ಮೆಚ್ಚಬೇಕು.

ಬಾವುಟದ ವಿಚಾರ ಹೇಳಬೇಕು. ರಸ್ತೆ ಬದಿ ದಡದಲ್ಲಿ ಒಂದು ಮರದ ಕಂಬ ಇತ್ತು. ಭಾನುವಾರ ಬಾತುಕೋಳಿ ಹೊಡೆಯಲು ಬರುತ್ತಿದ್ದ ಯಾವನೋ ಸರ್ಕಾರಿ ಸಾಹೇಬ ನೆಡಿಸಿದ್ದು. ಹರಿಗೋಲು ಈ ದಡದಲ್ಲಿದ್ದರೆ ಸಾಬರು ಕಂಬಕ್ಕೆ ಬಿಳಿ ಬಾವುಟ ಏರಿಸುತ್ತಿದ್ದರು. ಡ್ರೈವರ್ ದೊಡ್ಡರಂಗಪ್ಪ ದೂರದಿಂದಲೇ ನೋಡಿ ಬಸ್ಸು ನಿಲ್ಲಿಸಿ ಜನರನ್ನು ಇಳಿಸುವನು. ಬಾವುಟ ಇಲ್ಲ ಅಂದರೆ ನಿಲ್ಲಿಸದೆ ಮುಂದಿನ ಊರಿಗೆ ಒಯ್ದು ಇಳಿಸುವನು. ಬಟಾಬಯಲಲ್ಲಿ ಬಿಸಿಲಿಗೆ ಜನ ಕಾಯಬಾರದಲ್ಲ. ಆ ಬಟ್ಟೆಯ ಮೇಲೆ ನಿಲುಗಡೆ, ನಿಲುಗಡೆಯ ಮೇಲೆ ಗಡ್ಡೆಯ ಒಲೆ.

ಐವತ್ತೇಳರ ಕಾರ್ತೀಕದಲ್ಲಿ ಮೂಡಲ ಕಡೆಯಿಂದ ಬಿರುಗಾಳಿ ಎದ್ದಿತು. ಎರಡು ಹಗಲು ಬಿಡಲಿಲ್ಲ. ಗಡ್ಡೆಯ ಅರ್ಧ ತೆಂಗು ಮಲಗಿದವು. ಗುಡಿಸಲಿನ ಮಾಡು ಹಾರಿ ನೀರಲ್ಲಿ ತೇಲಿತು. ಕಂಬ ಬುಡದಲ್ಲೇ ಮುರಿಯಿತು. ಗಾಳಿ ನಿಂತ ಮೇಲೆ ನಾನು ಹೋದಾಗ ಸಾಬರು ಸೋಗೆ ಹೆಣೆಯುತ್ತಿದ್ದರು.

"ಕಂಬ ಏನು ಮಾಡ್ತೀರಿ ಸಾಬ್ರೆ?"

"ಸರ್ಕಾರದ್ದು. ಹಾಕ್ತಾರೆ. ಬಂದು ಅಳತೆ ತಗೊಂಡು ಹೋದರು."

"ಮುರಿದ ಕಂಬ ಅಳೆದರಾ, ಇರಬೇಕಾದ ಕಂಬ ಅಳೆದರಾ?"

ಸಾಬರು ನಗಲಿಲ್ಲ. "ಎರಡೂ" ಅಂದರು.

ಸರ್ಕಾರ ಬರುವ ತನಕ ಇರಲಿ ಅಂತ ಸಾಬರು ಬಾವುಟವನ್ನು ರಸ್ತೆ ಬದಿಯ ಜಾಲಿಮರದ ಕೊಂಬೆಗೆ ಕಟ್ಟಿದರು. ಅದೂ ಹರಿಗೋಲು ಕಟ್ಟುವ ಗಂಟು, ಎಳೆದಷ್ಟೂ ಬಿಗಿ. ಮುಳ್ಳಿನ ನಡುವೆ ಕೈ ಹಾಕಿ ದಿನಕ್ಕೆ ನಾಲ್ಕು ಸಲ ಬಿಚ್ಚಿ ಕಟ್ಟುವುದು ಕಷ್ಟ. ಆದರೂ ಮಾಡಿದರು. ದೊಡ್ಡರಂಗಪ್ಪನೂ ಮರ ನೋಡಿ ನಿಲ್ಲಿಸುವುದು ರೂಢಿ ಮಾಡಿಕೊಂಡ.

ಆಚೆ ಹಟ್ಟಿಯ ಈರಕ್ಕನ ಟಗರು ಕಳೆದದ್ದು ಆ ಬೇಸಿಗೆಯಲ್ಲಿ. ಹುಡುಕಿ ಸಾಕಾಗಿ ಬಂದವಳು ಹರಿಗೋಲು ಹೊರಡಲಿ ಅಂತ ಜಾಲಿ ಕೆಳಗೆ ಕೂತಿದ್ದಳು. ತಲೆಯೆತ್ತಿ ನೋಡಿದಳು. ಮರಕ್ಕೆ ಬಿಳಿ ಬಟ್ಟೆ, ಕಟ್ಟಿದವರು ಸಾಬರು. ಎದ್ದು ತನ್ನ ಸೀರೆಯ ಸೆರಗಿನ ಅಂಚು ಸಿಗಿದು ಪಕ್ಕದ ಕೊಂಬೆಗೆ ಕಟ್ಟಿ ಕೈಮುಗಿದಳು. ನಾನು, ಸಾಬರು ಇಬ್ಬರೂ ಅಲ್ಲೇ ಇದ್ದೆವು.

"ಇದೇನು ಈರಕ್ಕ?" ಅಂದರು ಸಾಬರು.

"ನೀವು ಕಟ್ಟಿಲ್ವಾ? ಹರಕೆ ಕಣಪ್ಪ."

"ನಂದು ಬಸ್ಸಿಗೆ ಕಣಮ್ಮ. ದೇವರಿಗಲ್ಲ."

"ಬಸ್ಸು ನಿಲ್ಸೋ ದೇವ್ರು ನನ್ ಟಗರು ನಿಲ್ಸಾಕಿಲ್ವಾ? ಯಾವ ದೇವ್ರು ಅಂತ ಹೇಳಾಕೆ ಇಷ್ಟ ಇಲ್ದಿದ್ರೆ ಬುಡಿ. ನಾವೇನು ಹೊತ್ಕೊಂಡು ಹೋಗಾಕಿಲ್ಲ."

ಟಗರು ಮಾರನೇ ದಿನ ತಾನೇ ಹಟ್ಟಿಗೆ ಬಂತು. ಹೊಟ್ಟೆ ಹಸಿದಿತ್ತು, ಬಂತು. ಅದನ್ನು ಯಾರಿಗೆ ಹೇಳುತ್ತೀರಿ? ತಿಂಗಳು ಕಳೆಯುವಷ್ಟರಲ್ಲಿ ಜಾಲಿಯ ಕೆಳಕೊಂಬೆಗಳೆಲ್ಲ ಬಟ್ಟೆಯಾದವು. ಕಂಬಳಿ ಚೂರು, ರವಿಕೆ ತುಂಡು, ಮಗುವಿನ ಉಡಿದಾರ. ಸಿರಾದ ಕಡೆಯಿಂದ ಹಸಿರು ಬಟ್ಟೆ ಬಂತು. ನನಗೂ ತುಂಡುಬಟ್ಟೆ ವ್ಯಾಪಾರ ಚೆನ್ನಾಗಿ ಕುದುರಿತು, ಇಲ್ಲ ಅನ್ನುವುದಿಲ್ಲ.

ಈಗ ಸಾಬರು ಬಾವುಟ ಏರಿಸಿದರೂ ಒಂದೇ, ಇಳಿಸಿದರೂ ಒಂದೇ. ಹರಿಗೋಲು ಆಚೆ ದಡದಲ್ಲಿದ್ದಾಗ ದೊಡ್ಡರಂಗಪ್ಪ ಜನ ಇಳಿಸಿ ಹೋದ. ಅವರು ಬಿಸಿಲಲ್ಲಿ ನಿಂತು ಸಾಬರ ಮನೆತನವನ್ನೆಲ್ಲ ಬೈದರು. ಈಚೆ ಇದ್ದಾಗ ನಿಲ್ಲಿಸದೆ ಹೋದ. ಒಂದು ದಿನ ಬಸ್ಸಿನಿಂದ ತಲೆ ಹೊರಗೆ ಹಾಕಿ ಕೇಳಿಯೇಬಿಟ್ಟ.

"ಸಾಬ್ರೆ, ಇದ್ರಾಗೆ ನಿಮ್ದು ಯಾವ್ದು?"

"ಬಿಳೀದು."

"ಬಿಳೀವೇ ಒಂದು ಹೊರೆ ಅವೆ. ನಾನು ಬಸ್ಸು ಓಡಿಸ್ಲಾ, ಬಟ್ಟೆ ಅಂಗಡಿಲಿ ಸೀರೆ ಆರಿಸ್ಲಾ? ಬೇರೆಯವರ್ದು ಬಿಚ್ಚಾಕ್ಬುಡಿ ಅತ್ಲಾಗೆ."

"ಅವರ ಹರಕೆ ರಂಗಪ್ಪ. ಬಿಚ್ಚೋಕೆ ನಾನ್ಯಾರು?"

ಇದೇ ಮಾತನ್ನು ಜಮೀಲಾ ಬಿಗೂ ಹೇಳಿದರು. "ನಮ್ಮ ಒಲೆ ಆರುತ್ತೆ, ಅವರ ಚಿಂದಿ ಇರಲಿ" ಅಂತ ಆಕೆ ಸೌದೆ ನೂಕಿದಳು. ಸಾಬರು ನನ್ನ ಹತ್ತಿರ ಕೆಂಪು ಬಟ್ಟೆ ಕೇಳಿದರು. ರಸ್ತೆಯ ಆ ಬದಿಯಲ್ಲಿ ತಾವೇ ಒಂದು ಬಿದಿರು ನೆಟ್ಟು ಕಟ್ಟುತ್ತೇನೆ ಅಂದರು.

"ಕೆಂಪು ಬೇಡ ಸಾಬ್ರೆ. ಅದು ಅಮ್ಮನ ಬಣ್ಣ."

"ದೂರಕ್ಕೆ ಕಾಣುತ್ತೆ."

"ಅಮ್ಮನಿಗೂ ಕಾಣುತ್ತೆ."

ಕೇಳಲಿಲ್ಲ. ಬಿಳಿಯದನ್ನು ಜಾಲಿಯಲ್ಲೇ ಬಿಟ್ಟು ಕೆಂಪು ಕಟ್ಟಿದರು. ನಾನು ಮುಂದಿನ ಸಂತೆಗೆ ಹೋಗುವಾಗ ಬಿದಿರಿನ ಬುಡದಲ್ಲಿ ಅರಿಶಿನ, ಕುಂಕುಮ, ಒಡೆದ ತೆಂಗಿನಕಾಯಿ ಇದ್ದವು. ಸಾಬರು ಪಕ್ಕದಲ್ಲಿ ಕುಕ್ಕರುಗಾಲಲ್ಲಿ ಕೂತು ಅದನ್ನೇ ನೋಡುತ್ತಿದ್ದರು. "ಕಾಯಿ ಒಳ್ಳೇದಿದೆ" ಅಂದರು. ಅಷ್ಟೇ.

ಸರ್ಕಾರಿ ಆಫೀಸಿಗೂ ನಡೆದರು. ರಸ್ತೆಯವರು ಕೆರೆಯವರನ್ನು ತೋರಿಸಿದರು, ಕೆರೆಯವರು ರಸ್ತೆಯವರನ್ನು. ಅಷ್ಟರಲ್ಲಿ ಇಳಿಯುವವರು ಕಡಿಮೆಯಾಗಿದ್ದರು. ಹರಿಗೋಲು ಇದೆಯೋ ಇಲ್ಲವೋ ಅನ್ನುವ ಗೋಜೇ ಬೇಡ ಅಂತ ಜನ ಮುಂದಿನ ಊರಲ್ಲೇ ಇಳಿದು ಸುತ್ತಿ ನಡೆಯುವುದು ಕಲಿತರು. ಅದಕ್ಕೊಂದು ಗಾಡಿದಾರಿಯೂ ಬಿತ್ತು.

ಗಡ್ಡೆಯನ್ನು ಮಿಕ್ಕವರು ನೋಡಿಕೊಂಡರು. ಎಲ್ಲೋ ಸೇತುವೆ ಕಟ್ಟಲು ಮರಳು ಬೇಕಾಯಿತು. ನೀರು ಇಳಿದ ಬೇಸಿಗೆಯಲ್ಲಿ ಗಾಡಿ ಹೊಡೆದುಕೊಂಡು ಬಂದು ದಡವನ್ನೇ ತುಂಬಿಕೊಂಡು ಹೋದರು. ಮರಳು ಹೋದ ಕಡೆ ಕೆಸರು, ಕೆಸರಲ್ಲಿ ಜೊಂಡು. ಕೆರೆಗೆ ಹೂಳು ತುಂಬಿತು, ತೆಗೆಸುವವರಿಲ್ಲ. ಅರವತ್ತರ ದಶಕದ ನಡುವಿಗೆ ಇನ್ನೊಂದು ಬಿರುಗಾಳಿ ಬಂತು. ಈ ಸಲ ಕೆಡವುವುದಕ್ಕೆ ಅದಕ್ಕೂ ಹೆಚ್ಚು ಉಳಿದಿರಲಿಲ್ಲ. ಇದ್ದ ತೆಂಗು ಬಿದ್ದವು, ತೂಬಿನ ಕಲ್ಲು ಕಿತ್ತು ನೀರು ಹರಿದುಹೋಯಿತು. ಗಡ್ಡೆಯ ಸುತ್ತ ಉಳಿದದ್ದು ನಡೆಯಲೂ ಬಾರದ, ಹರಿಗೋಲಿಗೂ ಆಗದ ಕೆಸರು. ಹರಿಗೋಲಿನ ಚರ್ಮ ಬಿಸಿಲಿಗೆ ಸೀಳಿತು. ಸಾಬರು ಅದನ್ನು ಬೋರಲು ಹಾಕಿ ಅದರ ಕೆಳಗೆ ಕೋಳಿ ಕೂಡಿದರು.

ಜಾಲಿಮರ ಆ ಗಾಳಿಗೂ ಅಲ್ಲಾಡಲಿಲ್ಲ. ಅದಕ್ಕೆ ಹೆಸರು ಬಂದದ್ದೇ ಆಮೇಲೆ, ಬಾವುಟದ ಸ್ವಾಮಿ ಅಂತ. ದೊಡ್ಡರಂಗಪ್ಪ ಮಗಳ ಮದುವೆಗೆ ಹರಕೆ ಹೊತ್ತ, ಮದುವೆ ಆಯಿತು. ಅಂದಿನಿಂದ ಪ್ರತಿ ಟ್ರಿಪ್ಪಿಗೂ ಬಸ್ಸು ಅಲ್ಲಿ ನಿಲ್ಲುತ್ತದೆ. ಜನ ಇಳಿದು ಮರ ಸುತ್ತಿ ಹತ್ತುತ್ತಾರೆ. ನೀರಿನ ಕಡೆ ಯಾರೂ ತಿರುಗುವುದಿಲ್ಲ, ನೀರೂ ಇಲ್ಲ.

ಗಂಡಹೆಂಡಿರು ಗಡ್ಡೆ ಬಿಟ್ಟ ದಿನ, ಅಷ್ಟರಲ್ಲಿ ನಾನು ಕೊಂಡಿದ್ದ ಎತ್ತಿನಗಾಡಿಯೇ ಅವರ ಸಾಮಾನು ಹೊತ್ತಿತು. ಜಮೀಲಾ ಬಿ ಗಾಡಿ ಹತ್ತಿ ಮುಂದೆ ನೋಡುತ್ತ ಕೂತಳು. ಸಾಬರು ಮಾತ್ರ ಮರದ ಹತ್ತಿರ ಹೋಗಿ ತಮ್ಮ ಹಳೆಯ ಬಿಳಿ ಬಟ್ಟೆಯ ಗಂಟಿಗೆ ಕೈ ಹಾಕಿದರು. ಅದು ಬೂದುಬಣ್ಣವಾಗಿತ್ತು. ಪುರವರದ ಕಡೆಯಿಂದ ಬಂದಿದ್ದ ಒಬ್ಬ ಮುದುಕಿ ಕೋಲು ಅಡ್ಡ ಹಿಡಿದಳು.

"ಏಯ್ ಸಾಬಣ್ಣ, ಮುಟ್ಟಬ್ಯಾಡ. ಅದು ಮೊದ್ಲು ಕಟ್ಟಿದ್ದು. ಯಾರೋ ಪುಣ್ಯಾತ್ಮರು ಕಟ್ಟವ್ರೆ."

"ಹೌದಾ?" ಅಂದರು ಸಾಬರು.

"ಹೂಂ ಮತ್ತೆ. ಸತ್ಯವಂತರಂತೆ. ಈಗಿಲ್ವಂತೆ."

ಸಾಬರು ಕೈ ತೆಗೆದರು. ಗಾಡಿ ಹತ್ತಿದರು. ನಾನು ಸಿರಾ ಕಡೆ ಎತ್ತು ಹೊಡೆದೆ.

ಸಾಬರು ಹೆಂಡತಿಯ ಅಣ್ಣ ಖಲೀಲುಲ್ಲಾನ ಅಂಗಡಿಯಲ್ಲಿ ಛತ್ರಿಗೆ ಕಡ್ಡಿ ಕೂರಿಸುವುದು ಕಲಿತರು. ಗಂಟು ಬಿಗಿ, ಕೆಲಸ ಶುದ್ಧ, ಮಳೆ ಎಂದಿನಂತೆ. ಗೌಡಗೆರೆಗೆ ಒಂದು ನಿಖಾಗೆ ಹೋಗುವಾಗ ನನ್ನ ಪಕ್ಕದಲ್ಲೇ ಬಸ್ಸಲ್ಲಿ ಸಿಕ್ಕರು. ಮರದ ಹತ್ತಿರ ಬಸ್ಸು ನಿಂತಿತು. ದೊಡ್ಡರಂಗಪ್ಪ ರಿಟೈರಾಗಿದ್ದ, ಹೊಸ ಡ್ರೈವರಿಗೆ ಸಾಬರ ಗುರುತಿಲ್ಲ. ಎಲ್ಲರೂ ಇಳಿದರು, ನಾವೂ ಕಾಲು ಆಡಿಸೋಣ ಅಂತ ಇಳಿದೆವು. ಕೆರೆಯ ಅಂಗಳದಲ್ಲಿ ಯಾರೋ ಹುರುಳಿ ಬಿತ್ತಿದ್ದರು. ಗಡ್ಡೆ ಇದ್ದ ಕಡೆ ನೆಲ ಸ್ವಲ್ಪ ಉಬ್ಬಿದಂತಿತ್ತು, ಅಷ್ಟೇ.

ಕಂಕುಳಲ್ಲಿ ಮಗು ಎತ್ತಿಕೊಂಡ ಒಬ್ಬ ಹೆಂಗಸು ಸಾಬರ ಹತ್ತಿರ ಬಂದಳು. ಕೆಳಕೊಂಬೆಗಳಲ್ಲಿ ಜಾಗ ಇರಲಿಲ್ಲ.

"ಅಣ್ಣಾ, ನಿಮ್ಗೆ ಕೈ ಉದ್ದ. ಇದೊಂದು ಮೇಲೆ ಕಟ್ಕೊಡಿ."

ಸಾಬರು ಅವಳ ಕೈಯಿಂದ ಹಳದಿ ತುಂಡು ತಗೊಂಡರು. ಮುಳ್ಳು ಸರಿಸಿ ಕೈ ಹಾಕಿ, ಎರಡು ಸುತ್ತು ಸುತ್ತಿ, ಅದೇ ಹರಿಗೋಲಿನ ಗಂಟು ಹಾಕಿ ಎಳೆದರು. ಪಕ್ಕದಲ್ಲೇ ಅವರ ಹಳೆಯ ಬಟ್ಟೆಯ ಅಂಚು ಇತ್ತು, ನಾನು ಹೊಲಿಸಿಕೊಟ್ಟ ಮಡಿಕೆ ಇನ್ನೂ ಬಿಟ್ಟಿರಲಿಲ್ಲ.

"ಬೋ ಬಿಗಿಯಾಗಿ ಕಟ್ಟಿದ್ರಿ" ಅಂದಳು ಹೆಂಗಸು.

"ಗಾಳಿ ಬರುತ್ತೆ ಇಲ್ಲಿ" ಅಂದರು ಸಾಬರು. ಕಂಡಕ್ಟರು ಸೀಟಿ ಊದಿದ. ನಾವು ಹತ್ತಿ ಕೂತೆವು.