ಬೀಗ ಮುರಿದವನ ಮಗ್ಗ

"ಎರಡೂ ಕಡೆಯವರು ಕೂತು ಮಾತಾಡಿ ಬಗೆಹರಿಸಿಕೊಳ್ಳಬೇಕು" ಎಂಬ ಮಾತು ಕೇಳಿದರೆ ಈಗ ನನಗೆ ಮೈಯೆಲ್ಲ ಉರಿಯುತ್ತದೆ. ಹೆಚ್ಚು ಉರಿಯಲು ಕಾರಣವೂ ಇದೆ. ಆ ಮಾತನ್ನು ಒಮ್ಮೆ ನಾನೇ ಆಡಿದ್ದೇನೆ. ಅದೂ ಯಾರ ಮುಂದೆ? ಮನೆಮಠ ಕಳೆದುಕೊಂಡು ಬೇರೆ ಊರಿನ ಶಾಲೆಯೊಂದರ ನೆಲದ ಮೇಲೆ ಮಲಗುತ್ತಿದ್ದ ಹೆಂಗಸಿನ ಮುಂದೆ.

ನಾನು ದೊಡ್ಡಬಳ್ಳಾಪುರದ ನೇಕಾರ. ಮನೆಯ ಹಿಂದಿನ ಶೆಡ್ಡಿನಲ್ಲಿ ನಾಲ್ಕು ಪವರ್‌ಲೂಮ್ ಮಗ್ಗಗಳಿವೆ. ಕಿವಿ ಸ್ವಲ್ಪ ಮಂದ, ಬಾಯಿ ಜೋರು. ಮಗ್ಗದ ಸದ್ದಿನಲ್ಲಿ ಬೆಳೆದವರೆಲ್ಲ ಹೆಚ್ಚುಕಡಿಮೆ ಹೀಗೆಯೇ. ನನ್ನ ಅಕ್ಕನ ಮನೆ ಪಕ್ಕದ ಬೀದಿಯಲ್ಲಿದೆ. ಅವಳ ಮಗಳು ಡಾಕ್ಟರ್ ಓದಲು ಉಕ್ರೇನಿಗೆ ಹೋಗಿದ್ದಳು. ಇಲ್ಲಿಯ ಸೀಟು ನಮ್ಮಂಥವರ ಕೈಗೆ ಎಟುಕುವುದಿಲ್ಲ, ಅಲ್ಲಿಯದು ಎಟುಕಿತು. ಕಡಲ ಕಡೆಯ ಒಂದು ಊರು. ಅವಳು ಎರಡನೆಯ ವರ್ಷದಲ್ಲಿದ್ದಾಗ ರಷ್ಯಾದ ಸೈನ್ಯ ಗಡಿ ದಾಟಿ ಬಂತು.

ಅವಳಿಗೆ ಅಂಗರಚನೆಯ ಪಾಠ ಮಾಡುತ್ತಿದ್ದ ಮೇಡಂ ಒಬ್ಬರಿದ್ದರು. ಅರವತ್ತರ ಹತ್ತಿರದ ಒಂಟಿ ಹೆಂಗಸು. ಬಾಂಬು ಬೀಳಲು ಶುರುವಾದ ದಿನ ಅವರೇ ಹಾಸ್ಟೆಲಿಗೆ ನಡೆದು ಬಂದು, ನಮ್ಮ ಹುಡುಗಿಯನ್ನೂ ಅವಳ ಜೊತೆಗಿದ್ದ ಇಬ್ಬರು ಹುಡುಗರನ್ನೂ ಕರೆದೊಯ್ದು, ತಮ್ಮ ಕಟ್ಟಡದ ನೆಲಮಾಳಿಗೆಯಲ್ಲಿ ಎಂಟು ದಿನ ಇಟ್ಟುಕೊಂಡರು. ಚಳಿಗಾಲಕ್ಕೆಂದು ಉಪ್ಪುನೀರಿನಲ್ಲಿ ಹಾಕಿಟ್ಟಿದ್ದ ಸೌತೆಕಾಯಿಯ ಜಾಡಿಗಳನ್ನು ದಿನಕ್ಕೊಂದರಂತೆ ಈ ಮೂವರಿಗೆ ತೆರೆದರು. ಒಂಬತ್ತನೆಯ ದಿನ ಯಾರ ಕೈಕಾಲೋ ಹಿಡಿದು ಮೂವರನ್ನೂ ವ್ಯಾನಿಗೆ ಹತ್ತಿಸಿದರು. ಕೊನೆಯ ಜಾಡಿಯನ್ನು ದಾರಿಗೆ ಕಟ್ಟಿಕೊಟ್ಟರು.

ದೇವನಹಳ್ಳಿಯ ವಿಮಾನ ನಿಲ್ದಾಣದಲ್ಲಿ ನಮ್ಮ ಹುಡುಗಿ ಇಳಿದಾಗ ಅವಳ ಚೀಲದಲ್ಲಿ ಒಂದು ಜೊತೆ ಬಟ್ಟೆ, ಆ ಜಾಡಿಯಲ್ಲಿ ಉಳಿದ ನಾಲ್ಕು ಸೌತೆಕಾಯಿ ಇದ್ದವು. ಅಕ್ಕ ಜಾಡಿಯನ್ನು ದೇವರ ಗೂಡಿನಲ್ಲಿಟ್ಟು ಕುಂಕುಮ ಹಚ್ಚಿದಳು. ಉಪ್ಪಿನಕಾಯಿಗೆ ಮಂಗಳಾರತಿ ಮಾಡಿದವಳು ನೀನೊಬ್ಬಳೇ ಇರಬೇಕು ಎಂದು ನಾನು ರೇಗಿಸಿದೆ. ಅವಳು ನಗಲಿಲ್ಲ.

ನಮ್ಮ ಕೇರಿಯ ಟೀ ಅಂಗಡಿಯಲ್ಲಿ ಆಗ ಯುದ್ಧದ್ದೇ ಮಾತು. ಸೂರ್ಯಕಾಂತಿ ಎಣ್ಣೆಯ ಬೆಲೆ ಏರಿತು ಎಂದು ಒಬ್ಬ ಕೂಗಾಡಿದ. ಕೆಲವು ತಿಂಗಳಾದ ಮೇಲೆ ಅದೇ ಪುಣ್ಯಾತ್ಮ, "ರಷ್ಯಾದ ಕಚ್ಚಾತೈಲ ಅಗ್ಗಕ್ಕೆ ಸಿಗ್ತದಂತೆ ಗುರು, ಯುದ್ಧ ಆಗಿದ್ದು ನಮ್ಗೆ ಒಳ್ಳೇದೇ ಆಯ್ತು ಬಿಡು" ಎಂದ. ಮತ್ತೊಬ್ಬ, "ದೊಡ್ಡ ದೊಡ್ಡ ದೇಶದೋರೂ ಹಿಂದೆ ಹಿಂಗೇ ನುಗ್ಗಿಲ್ವಾ? ಆಗ ಯಾರ್ ಕೇಳಿದ್ರು?" ಎಂದ. ನುಗ್ಗಿದ್ದು ಸುಳ್ಳಲ್ಲ. ಆಗ ಕೇಳದೆ ಇದ್ದದ್ದೂ ಹೇಡಿತನವೇ. ಮೊನ್ನೆ ಒಬ್ಬ ಕದ್ದ ಎಂದು ಇವತ್ತಿನ ಕಳ್ಳನಿಗೆ ಹಾರ ಹಾಕುವ ನ್ಯಾಯ ಯಾವ ಊರಿನದು? ಹೀಗೆಂದು ನಾನು ಅವತ್ತು ಕೇಳಬೇಕಿತ್ತು. ಕೇಳಲಿಲ್ಲ. ಟೀ ಕುಡಿದು ಎದ್ದು ಬಂದೆ.

ಅಷ್ಟರಲ್ಲಿ ಆ ಕಡಲ ಕಡೆಯ ಊರು ಪೂರ್ತಿ ದಾಳಿಕೋರರ ಕೈಗೆ ಹೋಗಿತ್ತು. ಕಾಲೇಜಿಗೆ ಹೊಸ ಆಡಳಿತ ಬಂತು. ಹೊಸಬರಿಗೆ ನಿಷ್ಠರಾಗಿರುತ್ತೇವೆ ಎಂಬ ಕಾಗದಕ್ಕೆ ಸಹಿ ಹಾಕುವುದಿಲ್ಲ ಎಂದ ಮೇಡಂ ಕೆಲಸವನ್ನೂ ಮನೆಯನ್ನೂ ಕಳೆದುಕೊಂಡು, ಆ ದೇಶದ ಇನ್ನೊಂದು ಮೂಲೆಯ ಶಾಲೆಯೊಂದರಲ್ಲಿ ತಂಗಿದ್ದರು. ಅಲ್ಲಿಂದ ಒಂದು ಸಂಜೆ ನಮ್ಮ ಹುಡುಗಿಗೆ ವಿಡಿಯೋ ಕಾಲ್ ಮಾಡಿದರು. ನಾನೂ ಅಕ್ಕನ ಮನೆಯಲ್ಲಿದ್ದೆ. ನನ್ನನ್ನು ನೋಡಿ ನಕ್ಕು ಏನೋ ಕೇಳಿದರು. "ನಿಮ್ಮೂರಲ್ಲಿ ಜನ ಏನಂತಾರೆ ಅಂತ ಕೇಳ್ತಿದಾರೆ ಮಾವ" ಎಂದು ಇವಳು ಹೇಳಿದಳು.

ಆಗ ನಾನು ಗಂಟಲು ಸರಿಮಾಡಿಕೊಂಡು, ಟೀವಿಯಲ್ಲಿ ಮಾತಾಡುವವರ ಗತ್ತಿನಲ್ಲಿ, ಎರಡೂ ಕಡೆಯವರು ಕೂತು ಮಾತಾಡಿ ಬಗೆಹರಿಸಿಕೊಳ್ಳಬೇಕು ಅಂತೀವಿ ಎಂದೆ. ಹುಡುಗಿ ನನ್ನ ಮುಖವನ್ನೇ ನೋಡಿದಳು.

"ಇದನ್ನ ನಾನು ಅವ್ರಿಗೆ ಹೇಳಲ್ಲ ಮಾವ" ಎಂದಳು. ಬೇರೆ ಏನೋ ಹೇಳಿ ಫೋನಿಟ್ಟಳು. ನನಗೆ ಅವಮಾನವಾಯಿತು. ಚೋಟುದ್ದದ ಹುಡುಗಿ ನನಗೆ ಬುದ್ಧಿ ಹೇಳುವುದೇ ಎಂದು ಸಿಟ್ಟೂ ಬಂತು. ಎರಡು ದಿನ ಅವಳ ಜೊತೆ ಮಾತಾಡಲಿಲ್ಲ.

ದೀಪಾವಳಿ ಹತ್ತಿರ ಬಂದಾಗ, ಅವಳನ್ನು ಮೊದಲು ಅಲ್ಲಿಗೆ ಕಳಿಸಿದ್ದ ಬೆಂಗಳೂರಿನ ಏಜೆಂಟ್ ಫೋನ್ ಮಾಡಿದ. ಅದೇ ಕಾಲೇಜು ಮತ್ತೆ ಶುರುವಾಗಿದೆ, ಅದೇ ಕಟ್ಟಡ, ರಷ್ಯಾದ ಕಡೆಯಿಂದ ಹೋಗಬೇಕಷ್ಟೆ, ಬಿಟ್ಟ ವರ್ಷದಿಂದಲೇ ಮುಂದುವರಿಸಬಹುದು, ಶುಲ್ಕವೂ ಕಡಿಮೆ ಎಂದ. ನಾಳೆ ಉತ್ತರ ಬೇಕು ಎಂದ. ಹುಡುಗಿಗೆ ಬೇರೆ ದಾರಿ ಇನ್ನೂ ಕಂಡಿರಲಿಲ್ಲ. ಇಲ್ಲಿಯ ಕಾಲೇಜುಗಳು ಸೇರಿಸಿಕೊಳ್ಳುವುದಿಲ್ಲ ಎಂದಿದ್ದವು. ಹೋಗದಿದ್ದರೆ ಇಷ್ಟು ದಿನ ಓದಿದ್ದೆಲ್ಲ ನೀರಿನಲ್ಲಿ ಹೋಮ.

ಮರುದಿನ ಬೆಳಗ್ಗೆ ಅಕ್ಕನ ಮನೆಯ ನಡುಮನೆಯಲ್ಲಿ ಕೂತೆವು. ಭಾವ ಆಗಲೇ ತೀರ್ಮಾನಿಸಿದ್ದರು. "ಓದು ಮುಗಿಸ್ಕೊಂಡು ಬಂದ್ಬಿಡಮ್ಮ. ಅವರವರ ಜಗಳ ಅವರಿಗೆ. ನಾವೇನು ಗನ್ ಹಿಡೀತೀವಾ?" ಎಂದರು. ಅಕ್ಕ ಸೆರಗು ಬೆರಳಿಗೆ ಸುತ್ತುತ್ತ ನನ್ನ ಕಡೆ ನೋಡಿದಳು. ನಾನು ಸುಮ್ಮನಿದ್ದೆ. ಹೀಗೆ ಸುಮ್ಮನೆ ಕೂರುವವರಿಗೆ ದೊಡ್ಡ ಸಭೆಗಳಲ್ಲಿ ತಟಸ್ಥರು ಎಂಬ ಮರ್ಯಾದೆಯ ಹೆಸರಿದೆಯಂತೆ. ನಡುಮನೆಯಲ್ಲಿ ಕೂತಾಗ ಅದು ಬರೀ ಪುಕ್ಕಲುತನ ಎಂದು ನನಗೆ ಚೆನ್ನಾಗಿ ಗೊತ್ತಿತ್ತು.

ಹುಡುಗಿ ಅಳಲಿಲ್ಲ, ಕೂಗಲಿಲ್ಲ. "ಅಪ್ಪ, ಆ ಬೀಗ ಮುರಿದೋನ ಮಗ್ಗಕ್ಕೆ ನೀನ್ಯಾಕೆ ನಿಲ್ಲಲಿಲ್ಲ?" ಎಂದು ಕೇಳಿದಳು.

ಆ ಕಥೆಯನ್ನು ಚಿಕ್ಕಂದಿನಿಂದ ಅವಳಿಗೆ ನೂರು ಸಲ ಹೇಳಿದವನು ನಾನೇ. ನಮ್ಮ ಕೇರಿಯಲ್ಲಿ ಯಾರೂ ಬರೆದಿಡದ ಒಂದು ಕಟ್ಟಳೆ ಇದೆ. ಮಗ್ಗಕ್ಕೆ ಏರಿಸಿದ ಉದ್ದನೆಯ ನೂಲಿಗೆ ನಾವು ವಾರ್ಪು ಎನ್ನುತ್ತೇವೆ. ಒಬ್ಬರು ಅರ್ಧ ನೇಯ್ದ ವಾರ್ಪಿಗೆ ಅವರು ಹೇಳದೆ ಇನ್ನೊಬ್ಬರು ನೇಯಲು ನಿಲ್ಲುವಂತಿಲ್ಲ. ಕಾಯಿಲೆ ಬಿದ್ದರೆ ಏಳುವ ತನಕ ಕಾಯಬೇಕು. ತೀರಿಕೊಂಡರೆ ಮನೆಯವರನ್ನು ಕೇಳಬೇಕು. ಕಸಿದುಕೊಂಡ ಮಗ್ಗವಾದರೆ ಮುಟ್ಟಲೇಬಾರದು.

ನಾನು ಇಪ್ಪತ್ತರ ಪ್ರಾಯದಲ್ಲಿದ್ದಾಗ, ನಮ್ಮ ಬೀದಿಯ ಒಬ್ಬ, ಸತ್ತ ತಮ್ಮನ ಹೆಂಡತಿಯ ಶೆಡ್ಡಿನ ಬೀಗ ಹಗಲಲ್ಲೇ ಮುರಿದು, ಆಕೆಯನ್ನು ಮನೆಯಿಂದಲೂ ಹೊರಗಟ್ಟಿ ಒಳಗೆ ಕೂತ. ಎರಡು ಮಗ್ಗ, ಎರಡರಲ್ಲೂ ಅರ್ಧ ನೇಯ್ದ ಸೀರೆ. ಆಕೆ ದೊಡ್ಡಬೆಳವಂಗಲದ ಕಡೆಯವಳು, ಕಂಕುಳಲ್ಲಿ ಕೂಸು. ಇಬ್ಬರು ಹಿರಿಯರು ಬಂದು, "ಒಂದು ಮಗ್ಗ ಅವನಿಗೆ, ಒಂದು ನಿನಗೆ. ರಾಜಿ ಮಾಡ್ಕೊಂಡ್ಬಿಡಮ್ಮ" ಎಂದರು. ಆಕೆ ಬೀದಿಯಲ್ಲಿ ನಿಂತು, "ನನ್ನ ಮನೇಲಿ ನನಗೇ ಅರ್ಧ ಕೊಡೋಕೆ ನೀವ್ಯಾರು?" ಎಂದಳು. ಆ ದನಿ ಈಗಲೂ ನನ್ನ ಮಂದಗಿವಿಯಲ್ಲಿದೆ.

ಅವನಿಗೆ ನೇಯಲು ಬರುತ್ತಿರಲಿಲ್ಲ. ದಲ್ಲಾಳಿ ಕೆಲಸ ಮಾಡಿಕೊಂಡಿದ್ದವನು. ಕೂಲಿ ಹೆಚ್ಚು ಕೊಡುತ್ತೇನೆಂದು ನಮ್ಮ ಭಾವನ ಹತ್ತಿರ ಬಂದ. ಭಾವನಿಗೆ ಆಗ ಸ್ವಂತ ಮಗ್ಗವಿಲ್ಲ, ಕೆಲಸವಿಲ್ಲ, ಮದುವೆಯಾಗಿ ಆರು ತಿಂಗಳು. ಅಕ್ಕ ಮುದ್ದೆಗೆ ಹಿಟ್ಟನ್ನು ನಮ್ಮ ಮನೆಯಿಂದ ಒಯ್ಯುತ್ತಿದ್ದಳು. ಆದರೂ ಭಾವ ಒಲ್ಲೆ ಎಂದರು. "ನೀನ್ ಬರ್ದಿದ್ರೆ ಇನ್ನೊಬ್ಬ ಬರ್ತಾನೆ ಕಣೋ" ಎಂದ ಅವನು. "ಬರ್ಲಿ. ಅವನ ಮುಖ ನಾನೂ ನೋಡ್ತೀನಿ" ಎಂದರು ಭಾವ.

ಯಾರೂ ಬರಲಿಲ್ಲ. ಕಡಿದ ನೂಲು ಗಂಟು ಹಾಕುವ ಹೆಂಗಸರು ಆ ಹೊಸ್ತಿಲು ತುಳಿಯಲಿಲ್ಲ. ನೂಲಿನ ಅಂಗಡಿಯವರು ಅವನಿಗೆ ಒಂದು ಕಂಡಿಕೆ ನೂಲನ್ನೂ ಕೊಡಲಿಲ್ಲ. ಅಲ್ಲಿ ನೇಯ್ದ ಸೀರೆ ನಮಗೆ ಬೇಡ ಎಂದು ಸಾಹುಕಾರರು ಹೇಳಿಬಿಟ್ಟರು. ನಮ್ಮಪ್ಪ ನಮ್ಮದೇ ಒಂದು ಮಗ್ಗವನ್ನು ಖಾಲಿ ಮಾಡಿ ಆಕೆಗೆ ಬಿಟ್ಟುಕೊಟ್ಟ. ಆಕೆ ಇಳಿದುಕೊಂಡಿದ್ದ ಮನೆಯ ಬಾಗಿಲಲ್ಲಿ ಇಬ್ಬರು ಸದಾ ಕಾವಲು ಕೂತಿರುತ್ತಿದ್ದರು. ಕೈಯಲ್ಲಿ ದೊಣ್ಣೆಯೂ ಇತ್ತು, ಸುಳ್ಳು ಯಾಕೆ ಹೇಳಲಿ. ನಾಲ್ಕು ತಿಂಗಳಿಗೆ ಆ ಎರಡು ಮಗ್ಗಗಳಿಗೆ ತುಕ್ಕು ಹಿಡಿಯತೊಡಗಿತು. ಒಂದು ಮಧ್ಯಾಹ್ನ ಅವನು ತಾನು ಹಾಕಿದ್ದ ಹೊಸ ಬೀಗದ ಕೈಯನ್ನು ನಮ್ಮ ಜಗಲಿಯ ಮೇಲೆ ಎಸೆದು ಹೋದ.

ಒಬ್ಬ ಹೆಂಗಸಿಗೆ ನಾವು ಮಾಡಿದ್ದು ಇಷ್ಟೇ. ದೇಶಗಳು ಮಾಡಬೇಕಾದದ್ದೂ ಇಷ್ಟೇ ಎಂದು ನನಗನ್ನಿಸುತ್ತದೆ. ಬೀಗ ಮುರಿದವನಿಗೆ ಕೈಯಾಳಾಗಬೇಡಿ, ಅಗ್ಗಕ್ಕೆ ಸಿಗುತ್ತದೆಂದು ಅವನಿಂದ ಕೊಳ್ಳಬೇಡಿ, ಬೀದಿಗೆ ಬಿದ್ದವಳಿಗೆ ನಿಮ್ಮದೊಂದು ಮಗ್ಗ ಬಿಟ್ಟುಕೊಡಿ, ಅವಳ ಬಾಗಿಲು ಕಾಯಿರಿ, ಮತ್ತು ದಯವಿಟ್ಟು ಅವಳ ಮನೆಯನ್ನು ಅರ್ಧ ಮಾಡಲು ಹೋಗಬೇಡಿ. ಓದಿಲ್ಲದ ನೇಕಾರರಿಗೆ ತಿಳಿದ ಇದು ಕೋಟು ಹಾಕಿಕೊಂಡು ಸಭೆ ನಡೆಸುವವರಿಗೆ ತಿಳಿಯುವುದಿಲ್ಲವೇ? ತಿಳಿಯುತ್ತದೆ. ಜಾಣ ಕಿವುಡು.

ಮಗಳ ಪ್ರಶ್ನೆಗೆ ಭಾವ ತಡವರಿಸಿದರು. "ಅದು ನಮ್ ಕೇರಿ ಕಣಮ್ಮ. ಇದು ಪರದೇಶ" ಎಂದರು.

"ಮೇಡಂಗೆ ಅದೇ ಕೇರಿ ಅಪ್ಪ" ಎಂದಳು ಅವಳು. "ಆ ಕ್ಲಾಸಲ್ಲಿ ಅವರ ಕುರ್ಚಿ ಮೇಲೆ ಯಾರೋ ಕೂತಿರ್ತಾರೆ. ನಾನು ಅವರ ಮುಂದೆ ಕೂತ್ಕೊಂಡು ಮೂಳೆ ಹೆಸರು ಬರ್ಕೋಬೇಕು. ಆಗಲ್ಲ."

ಭಾವ ದೇವರ ಗೂಡಿನ ಕಡೆ ನೋಡಿದರು. ಜಾಡಿ ಅಲ್ಲೇ ಇತ್ತು. ಅಷ್ಟರಲ್ಲಿ ಏಜೆಂಟನ ಫೋನ್ ಬಂತು. ಭಾವ ತಾವೇ ತೆಗೆದುಕೊಂಡರು. ಆ ಕಡೆಯಿಂದ ಅವನು ಬಹಳ ಹೊತ್ತು ಮಾತಾಡಿದ. ಕೊನೆಗೆ, ನೀವು ಬೇಡ ಅಂದರೆ ಆ ಸೀಟಿಗೆ ಇನ್ನೊಬ್ಬರು ಬರುತ್ತಾರೆ ಎಂದದ್ದು ನಮಗೂ ಕೇಳಿಸಿತು. ಭಾವನ ಮುಖ ಕೆಂಪಾಯಿತು.

"ಅದು ಬೇರೆಯೋರ ವಾರ್ಪು ಕಣಪ್ಪ. ನಮ್ಮ ಹುಡುಗಿ ನಿಲ್ಲಲ್ಲ" ಎಂದು ಫೋನಿಟ್ಟರು. ಅವನಿಗೆ ಒಂದು ಅಕ್ಷರ ಅರ್ಥವಾಗಿರಲಾರದು. ಅಕ್ಕ ಅಡುಗೆಮನೆಗೆ ಹೋಗಿ ಅತ್ತಳು. ಮಗಳ ಓದು ಹೋಯಿತೆಂಬ ಸಂಕಟ ಅವಳದು. ಅದನ್ನು ತಪ್ಪೆನ್ನಲು ನಾನ್ಯಾರು?

ಇನ್ನೊಬ್ಬರು ಸಿಕ್ಕೇ ಸಿಕ್ಕರು. ಇವಳ ತರಗತಿಯ ಮೂವರು ಹೋದರು. ಅದರಲ್ಲಿ ಒಬ್ಬ, ನೆಲಮಾಳಿಗೆಯಲ್ಲಿ ಇವಳ ಪಕ್ಕದಲ್ಲೇ ಕೂತು ಆ ಜಾಡಿಗೆ ಕೈ ಹಾಕಿದವನು. ಉಂಡ ಮನೆಗೆ ಎರಡು ಬಗೆಯುವುದು ಎಂದರೆ ಇದೇ. ನಮ್ಮ ಹುಡುಗಿ ಒಂದೂವರೆ ವರ್ಷ ಮನೆಯಲ್ಲಿ ಕೂತು, ಆಮೇಲೆ ಬೇರೊಂದು ದೇಶದ ಕಾಲೇಜಿಗೆ ಹಿಂದಿನ ತರಗತಿಗೆ ಸೇರಿಕೊಂಡಳು. ಹೋದವರು ಅವಳಿಗಿಂತ ಮುಂದೆ ಇದ್ದಾರೆ.

ಮೊನ್ನೆ ರಜೆಗೆ ಬಂದಿದ್ದಾಗ ಮೇಡಂಗೆ ಮತ್ತೆ ವಿಡಿಯೋ ಕಾಲ್ ಮಾಡಿದಳು. ಅವರ ಕೂದಲೆಲ್ಲ ಬೆಳ್ಳಗಾಗಿತ್ತು. ಅವತ್ತು ಕೇಳಿದ್ದಕ್ಕೆ ಸರಿಯಾಗಿ ಉತ್ತರ ಕೊಟ್ಟಿರಲಿಲ್ಲ, ಈಗ ಕೊಡುತ್ತೇನೆ ಎಂದು ನಾನು ಮುಂದೆ ಹೋಗಿ ಕೂತೆ. ಬೀಗ ಮುರಿದವನ ಕಥೆಯನ್ನು ಮೊದಲಿನಿಂದ ಹೇಳಿದೆ. ಹುಡುಗಿ ಈ ಸಲ ಒಂದು ಮಾತನ್ನೂ ಬಿಡದೆ ಅವರ ಭಾಷೆಯಲ್ಲಿ ಹೇಳುತ್ತ ಹೋದಳು.

ಮುಗಿದ ಮೇಲೆ ಅವರು ಎರಡು ಪ್ರಶ್ನೆ ಕೇಳಿದರು. ಇಡೀ ಬೀದಿಯಲ್ಲಿ ಒಬ್ಬರೂ ಆ ಮಗ್ಗಕ್ಕೆ ಹೋಗಲಿಲ್ಲವೇ? ಒಬ್ಬರೂ ಹೋಗಲಿಲ್ಲ ಎಂದೆ. ಬೀಗದ ಕೈ ವಾಪಸು ಬರಲು ಎಷ್ಟು ದಿನ ಹಿಡಿಯಿತು? ನಾಲ್ಕು ತಿಂಗಳು ಎಂದೆ.

ಅವರು ಏನೋ ಹೇಳಿದರು. ಹುಡುಗಿ ನನ್ನ ಕಡೆ ತಿರುಗಲಿಲ್ಲ, ಫೋನನ್ನೇ ನೋಡುತ್ತ ಕನ್ನಡದಲ್ಲಿ ಹೇಳಿದಳು.

"ನಮ್ದು ಮೂರು ವರ್ಷ ದಾಟೋಯ್ತು ಅಂತಿದಾರೆ ಮಾವ."